ಶನಿವಾರ ಮೂರು ಗಂಟೆಯ ನಂಬರು

ಹುಣಸೂರು
12-11-2007

ಪ್ರೀತಿಯ ಬೃಂದಾಗೆ ಅಕ್ಕ ಪ್ರಮೀಳಾ ಮಾಡುವ ಆಶೀರ್ವಾದಗಳು.

ದೀಪಾವಳಿಗೆ ಬಾ ಅನ್ನಲಿಲ್ಲವೆಂದು ಮುಖ ಊದಿಸಿಕೊಂಡಿದ್ದೀಯೆಂದು ಗೊತ್ತು. ಏನು ಮಾಡಲಿ ಹೇಳು. ದಸರಾ ರಜೆ ಮುಗಿಸಿ ನೀನು ಬಸ್ಸು ಹತ್ತಿದೆಯೋ ಇಲ್ಲವೋ, ನಿನ್ನ ಮಗಳು ಅತ್ತು ಅತ್ತು ಉಬ್ಬಸ ಬರಿಸಿಕೊಂಡಳು. ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಡಾಕ್ಟರು, "ತಾಯಿ ಬಂದು ಬಂದು ಹೋಗೋದೇ ಈ ಮಗೂಗೆ ಆಗ್ತಿಲ್ಲ ಕಣಮ್ಮ, ಒಂದಷ್ಟು ದಿವ್ಸ ಒಂದ್ ಕಡೆ ನೆಲೆ ನಿಲ್ಲಲಿ ಬುಡಿ" ಅಂದರು. ನೀನು ಗಾಬರಿಯಾಗಬೇಡ. ಎರಡೇ ದಿನ ಅತ್ತಿದ್ದು, ಆಮೇಲೆ ಮರೆತಳು. ಈಗ ಇಂಚರ ಗುಂಡುಕಲ್ಲಿನ ಹಾಗಿದ್ದಾಳೆ. ಅದಕ್ಕೇ ಹೇಳುವುದು, ಸಂಕ್ರಾಂತಿವರೆಗೆ ಬರುವುದು ಬೇಡ.

ಅಯ್ಯೋ ಅಕ್ಕ ಎಂಥ ಕಲ್ಲು ಮನಸ್ಸಿನವಳು ಅನ್ನಬೇಡ. ಒಂದು ಉಪಾಯವಿದೆ. ನಿಮ್ಮ ಭಾವನಿಗೆ ಕ್ರಯಪತ್ರಗಳ ಟೈಪಿಂಗ್ ಕೆಲಸ ಜಾಸ್ತಿಯಾಗಿ ಮನೆಗೇ ಇಂಟರ್‌ನೆಟ್ ಹಾಕಿಸಿದ್ದಾರೆ. ಮೈಸೂರಿಗೆ ಹೋದವರು ಒಂದು ಪುಟ್ಟ ಕ್ಯಾಮೆರಾನೂ ತಂದಿದ್ದಾರೆ, ನಿಂಬೆಹಣ್ಣಿನಷ್ಟಿದೆ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ನೀನು ಅಲ್ಲಿ ಕೋಟೆ ಪೇಟೆಯಲ್ಲಿ ಕೂತು ಮಗಳನ್ನು ನೋಡಬಹುದಂತೆ. ಅವಳಿಗೆ ನೀನು ಕಾಣುವುದಿಲ್ಲ, ಹಾಗಾಗಿ ಅಳುವುದೂ ಇಲ್ಲ. ಹೇಗೆ ಮಾಡುವುದೆಂದು ಅಲ್ಲಿ ಯಾರನ್ನಾದರೂ ಕೇಳಿ ಬರೆ.

ಇಂತಿ ನಿನ್ನ ಅಕ್ಕ,
ಪ್ರಮೀಳಾ


ಎನ್. ಬೇಗೂರು
18-11-2007

ಅಕ್ಕನಿಗೆ ಬೃಂದಾ ಮಾಡುವ ನಮಸ್ಕಾರಗಳು. ಭಾವನಿಗೂ ತಿಳಿಸು.

ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವಳ ಉಸಿರಿಗೆ ಒಳ್ಳೆಯದಾಗುವುದಾದರೆ ಸಂಕ್ರಾಂತಿ ಏನು, ಯುಗಾದಿವರೆಗೂ ತಡೆದುಕೊಳ್ಳುತ್ತೇನೆ. ಇಂಚರಳ ಅಪ್ಪ ಹೋದ ಮೇಲೆ ನೀನೊಬ್ಬಳು ಇಲ್ಲದಿದ್ದರೆ ನಾನು ಈ ಟೀಚರ್ ಕೆಲಸಕ್ಕೆ ಸೇರುವ ಹಾಗೇ ಇರಲಿಲ್ಲ. ಇಲ್ಲಿ ಮಗುವಿಗೆ ರಾತ್ರಿ ಉಬ್ಬಸ ಬಂದರೆ ಆಸ್ಪತ್ರೆಗೆ ಕಾಡು ದಾಟಿ ಹೋಗಬೇಕು. ಮೊಬೈಲಿಗೆ ಸಿಗ್ನಲ್ಲೂ ಇಲ್ಲ, ಕಾಗದವೇ ಗತಿ.

ನಿನ್ನೆ ಅರ್ಧ ದಿನದ ಸ್ಕೂಲು ಮುಗಿಸಿ ಕೋಟೆಗೆ ಹೋಗಿದ್ದೆ. ಮೂರು ಗಂಟೆಗೆ ಅಲ್ಲಿರುತ್ತೇನೆ, ಐದಕ್ಕೆ ವಾಪಸ್ ಬಸ್ಸು. ಇಂಟರ್‌ನೆಟ್ ಸೆಂಟರಿನ ಚೇತನ್‌ಕುಮಾರ್ ಎಂಬುವವರು ಚೆನ್ನಾಗಿ ತಿಳಿಸಿ ಹೇಳಿದರು. ಚಾಟಿಂಗಿನಲ್ಲಿ ನೋಡಬೇಕಾದರೆ ಅಲ್ಲಿ ನೀನು ಕೂತು ಗುಂಡಿ ಒತ್ತಬೇಕಂತೆ. ಅವರು ಹೇಳಿದ ಬೇರೆ ದಾರಿಯಲ್ಲಿ ಯಾರೂ ಏನೂ ಒತ್ತಬೇಕಿಲ್ಲ, ಅವಳು ಆಡುತ್ತಿದ್ದ ಹಾಗೇ ನೋಡಬಹುದು. ನನಗೆ ಇದೇ ಬೇಕು ಅಂದೆ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮೋಡೆಮ್ಮು ಅಂದ್ರೆ ಆಪೀಸ್ ಬಾಗ್ಲಲ್ಲಿ ಕೂತಿರೋ ಜವಾನ ಕಣ್ರೀ ಮೇಡಂ. ಹೊರಗಿಂದ ಯಾರ್ ಬಂದ್ರೂ ಸಾಹೇಬ್ರಿಲ್ಲ ಅಂತ ವಾಪಸ್ ಕಳುಸ್ತಾನೆ. ನೀವು ಮೊದ್ಲೇ ಅವ್ನ ಕಿವೀಲಿ ಹೇಳಿಟ್ಟಿರ್ಬೇಕು, ಎಂಟು ಸಾವ್ರದ ಎಂಬತ್ತು ಅಂತ ಕೇಳ್ಕಂಡು ಬಂದವ್ರನ್ನ ಒಳಗೆ ಎರಡ್ನೇ ಟೇಬಲ್ಲಿಗೆ ಕಳ್ಸು ಅಂತ."

ಆ ಎರಡನೇ ಟೇಬಲ್ಲೇ ನಿಮ್ಮ ಕಂಪ್ಯೂಟರು. ಮೊದಲು ಕ್ಯಾಮೆರಾ ಶುರು ಮಾಡು. ಆಮೇಲೆ ಇಂಟರ್‌ನೆಟ್ಟಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ 192.168.1.1 ಹೊಡೆದರೆ ಮೋಡೆಮ್ಮಿನ ಪುಟ ಬರುತ್ತದೆ. ಅದರಲ್ಲಿ 'ವರ್ಚುವಲ್ ಸರ್ವರ್' ಅಂತ ಎಲ್ಲಿದೆ ಹುಡುಕು. ಅಲ್ಲಿ 8080, ಅದರೆದುರಿಗೆ 192.168.1.2 ಬರೆದು ಸೇವ್ ಮಾಡು. ಮೋಡೆಮ್ಮಿಗೆ ಹೊರಗಿನವರು ಕರೆಯುವ ಬೇರೆ ನಂಬರೊಂದು ಇರುತ್ತದೆ, 59ರಿಂದ ಶುರುವಾಗುತ್ತದೆ. ಅದನ್ನು ನನಗೆ ಬರೆದು ಕಳಿಸು.

ಮಗುವಿಗೆ ಮುತ್ತು.

ನಿನ್ನ ಬೃಂದಾ


ಹುಣಸೂರು
26-11-2007

ಬೃಂದಾ, ನಿಮ್ಮಕ್ಕ ಗೆದ್ದಳು ಕಣೆ!

ನಿಮ್ಮ ಭಾವ ಧರ್ಮೇಂದ್ರ ಸಾಹೇಬರು ಎರಡು ಸಂಜೆ ಕೂತು, "ಇದೆಲ್ಲ ಆಗೋ ವ್ಯವಾರ ಅಲ್ಲ" ಅಂತ ಎದ್ದು ಹೋದರು. ಹೋಗಲಿ ಅಂತ ನಾನೇ ನಿನ್ನ ಕಾಗದ ಎದುರಿಗೆ ಹರವಿಕೊಂಡು ಕೂತೆ. ನಿನ್ನ ಮಗಳು ತೊಡೆ ಮೇಲೆ. ಒಂದು ಸಲ ನಾನು 8008 ಹೊಡೆದೆ, ಇನ್ನೊಂದು ಸಲ ಅವಳು ನಡುವೆ ಕೈ ಹಾಕಿ ಎಂಟೆಂಟು ಎಂಟು ಹೊಡೆದಳು. ಪಕ್ಕದ ಮನೆ ಮಾಯಮ್ಮ ಮೊಸರು ಕೇಳಲು ಬಂದವಳು, "ಏನವ್ವಾ ಪ್ರಮೀಳಾ, ಮಗ್ಳನ್ನ ತೊಡೆ ಮ್ಯಾಲ್ ಕೂರುಸ್ಕಂಡು ಆಪೀಸ್ ಮಾಡ್ತಾ ಇದ್ದೀಯಾ" ಅಂದಳು. ನಗು ತಡೆಯಲಾಗಲಿಲ್ಲ.

ಕೊನೆಗೆ ಜವಾನನ ಕಿವಿಯಲ್ಲಿ ಹೇಳಿ ಮುಗಿಸಿದೆ. ನಿಮ್ಮ ಭಾವ ಅವರ ಸ್ನೇಹಿತರ ಅಂಗಡಿಯಿಂದ ಅದೇ ನಂಬರು ಹೊಡೆದು ನೋಡಿ ಫೋನು ಮಾಡಿದರು. "ಲೇ, ನಿನ್ ತಲೆ ಕೂದ್ಲು ಕಾಣುಸ್ತದೆ ಕಣೇ, ಬಾಚ್ಕೋ" ಅಂದರು. ಹನ್ನೊಂದು ವರ್ಷದ ಸಂಸಾರದಲ್ಲಿ ಅವರ ಕೈಲಿ ಆಗದ್ದು ನನ್ನ ಕೈಲಾಗಿದ್ದು ಇದೊಂದೇ.

ನಂಬರನ್ನು ಹಿಂದಿನ ಪುಟದಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಶನಿವಾರ ಮೂರಕ್ಕೆ ಹೊಸ ಫ್ರಾಕು ಹಾಕಿ ಕ್ಯಾಮೆರಾ ಮುಂದೆ ಕೂರಿಸುತ್ತೇನೆ. ಕಣ್ತುಂಬ ನೋಡು.

ನಿನ್ನ ಅಕ್ಕ


ಎನ್. ಬೇಗೂರು
2-12-2007

ಅಕ್ಕನಿಗೆ ನಮಸ್ಕಾರ.

ತೆರೆಯಲಿಲ್ಲ ಅಕ್ಕ. ಒಂದು ಗಂಟೆ ಬಿಳಿ ಪುಟ ನೋಡಿಕೊಂಡು ಕೂತಿದ್ದೆ. ಚೇತನ್‌ಕುಮಾರ್ ಬಂದು, ನನ್ನ ಕೈಲಿದ್ದ ನಿನ್ನ ಕಾಗದ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ಮೇಡಂ, ಟಪಾಲಲ್ಲಿ ನಂಬರ್ ತರುಸ್ಕಂಡ್ರಾ? ಅದು ಕರೆಂಟ್ ಹೋಗಿ ಬಂದಾಗೆಲ್ಲ ಬದ್ಲಾಯ್ತದೆ ಕಣ್ರೀ. ನಿಮ್ಮಕ್ಕ ಬರ್ದಿರೋ ನಂಬ್ರು ಈಗ ಯಾರ್ ಮನೇದೋ ಏನೋ!"

ಅಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು. ಮನೆ ವಿಳಾಸದ ಹಾಗೆ ಅದೂ ನಿಂತಲ್ಲೇ ನಿಂತಿರುತ್ತದೆಂದು ತಿಳಿದಿದ್ದೆವಲ್ಲ ನಾವಿಬ್ಬರೂ. ಹುಣಸೂರಿನಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ, ಕಾಗದ ನನ್ನ ಕೈಗೆ ಬರಲು ನಾಲ್ಕು ದಿನ.

ಇರಲಿ. ಸೆಂಟರಿನ ಪಕ್ಕದಲ್ಲೇ ಫೋನ್ ಬೂತ್ ಇದೆ. ಬರುವ ಶನಿವಾರ ಮೂರಕ್ಕೆ ಮನೆಗೆ ಫೋನು ಮಾಡುತ್ತೇನೆ. ಆಗಿನ ನಂಬರು ಓದಿ ಹೇಳು. ಓಡಿ ಬಂದು ಹೊಡೆಯುತ್ತೇನೆ. ಅವಳು ಎಷ್ಟು ಎತ್ತರವಾಗಿದ್ದಾಳೆ? ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗೆರೆ ಹಾಕಿಡು.

ಬೃಂದಾ


ಹುಣಸೂರು
10-12-2007

ಪ್ರೀತಿಯ ಬೃಂದಾ,

ಶನಿವಾರದ ಕಥೆ ನೆನೆದರೆ ನನಗೇ ಬೇಸರ. ನಂಬರು ಓದಿ ಹೇಳಿ ಫೋನಿಟ್ಟೆ, ಐದು ನಿಮಿಷಕ್ಕೆ ಸರಿಯಾಗಿ ಕರೆಂಟು ಹೋಗಬೇಕೇ? ನೀನು ಮತ್ತೆ ಫೋನು ಮಾಡಿದಾಗ ಮನೆಯೆಲ್ಲ ಭಣಭಣ. ಸಂಜೆ ಆರರವರೆಗೂ ಬರಲಿಲ್ಲ. ಕಂಬದ ಹತ್ತಿರ ತಂತಿ ಕಡಿದಿತ್ತಂತೆ, ಲೈನ್‌ಮನ್ ಬೇರೆ ರಜೆಯಂತೆ. ನಮ್ಮ ಹಣೆಬರಹ, ಯಾರಿಗೆ ಬಯ್ಯೋಣ.

ಮಗು ಚೆನ್ನಾಗಿದೆ. ಊಟ ಮಾಡುತ್ತದೆ, ನಿದ್ದೆ ಮಾಡುತ್ತದೆ. ಈ ಸಲ ಚಳಿ ಜಾಸ್ತಿ. ಸಂಕ್ರಾಂತಿಗೂ ನೀನು ಬರುವುದು ಬೇಡ ಅನ್ನಿಸುತ್ತದೆ. ಬಂದು ಹೋಗಿ ಮತ್ತೆ ಉಬ್ಬಸ ಕೆರಳಿದರೆ ಕಷ್ಟ.

ನಿನ್ನ ಅಕ್ಕ


ಎನ್. ಬೇಗೂರು
23-12-2007

ಅಕ್ಕನಿಗೆ,

ಹೋದ ಶನಿವಾರವೂ ಆಗಲಿಲ್ಲ, ನಿನ್ನೆಯೂ ಆಗಲಿಲ್ಲ. ನಿನ್ನೆ ನೀನು ಫೋನೇ ಎತ್ತಲಿಲ್ಲ. ಹೊರಗೆ ಹೋಗಿದ್ದಿರಬೇಕು.

ಸಂಕ್ರಾಂತಿಗೆ ಬರಬೇಡ ಅಂದಿದ್ದೀಯ. ಆಯಿತು.

ಚೇತನ್‌ಕುಮಾರ್ ಇನ್ನೊಂದು ದಾರಿ ಹೇಳಿದರು. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಒಂದು ಹೆಸರು ಕೊಡುತ್ತಾರಂತೆ. ಆ ಹೆಸರನ್ನು ಮೋಡೆಮ್ಮಿನಲ್ಲಿ ಬರೆದಿಟ್ಟರೆ, ನಂಬರು ಎಷ್ಟು ಸಲ ಬದಲಾದರೂ ಹೆಸರು ಕೂಗಿದವರಿಗೆ ಮನೆ ಸಿಗುತ್ತದೆ. ಯಾರೂ ಯಾರಿಗೂ ಫೋನು ಮಾಡಬೇಕಿಲ್ಲ, ಓದಿ ಹೇಳಬೇಕಿಲ್ಲ. ನಾನೇ ಇಲ್ಲಿ ಇಂಚರ ಅಂತ ಹೆಸರು ಬರೆಸಿದ್ದೇನೆ. ಅದನ್ನೂ ಪಾಸ್‌ವರ್ಡನ್ನೂ ಚೀಟಿಯಲ್ಲಿಟ್ಟಿದ್ದೇನೆ. ಮೋಡೆಮ್ಮಿಗೆ ಹಾಕುವುದೊಂದು ನಿನ್ನ ಕೆಲಸ.

ಇನ್ನೊಂದು ವಿಷಯ. ಕೆ.ಆರ್. ನಗರದ ಪಕ್ಕದ ಸ್ಕೂಲೊಂದಕ್ಕೆ ನನ್ನನ್ನು ನಿಯೋಜನೆ ಮೇಲೆ ಹಾಕುತ್ತಾರಂತೆ. ಅಲ್ಲಿ ಆಸ್ಪತ್ರೆ ಹತ್ತಿರ. ಆರ್ಡರು ಜನವರಿಯಲ್ಲಿ ಕೈಗೆ ಬರಬಹುದು. ಬಂದರೆ ಮಗುವನ್ನು ಕರೆದುಕೊಂಡು ಹೋಗುತ್ತೇನೆ.

ಬೃಂದಾ


ಹುಣಸೂರು
3-1-2008

ಬೃಂದಾ,

ನಿನ್ನ ಕಾಗದ ಬಂದು ವಾರವಾಯಿತು. ಮೂರು ಸಲ ಬರೆದು ಹರಿದು ಹಾಕಿದೆ. ಇದನ್ನೂ ಹರಿಯುವ ಮೊದಲು ಡಬ್ಬಿಗೆ ಹಾಕಬೇಕು. ಹಾಕಿ ಬಂದ ಮೇಲೆ ನಿಮ್ಮ ಭಾವನಿಗೆ ಹೇಳುತ್ತೇನೆ.

ಅವತ್ತು ಕರೆಂಟು ಹೋಗಿರಲಿಲ್ಲ. ನಾನು ಫೋನಿನಲ್ಲಿ ಕರೆಂಟ್ ಹೋಯ್ತು ಕಣೆ ಅನ್ನುವಾಗ ತಲೆ ಮೇಲೆ ಫ್ಯಾನು ತಿರುಗುತ್ತಿತ್ತು. ಮಗು ನನ್ನ ಸೊಂಟದಲ್ಲೇ ಇತ್ತು. ಅದಕ್ಕೆ ಮುಂಚೆ ನಿನಗೆ ಹೇಳಿದ ನಂಬರಿನ ಕೊನೆಯಲ್ಲಿ ಎಪ್ಪತ್ತಾರು ಇತ್ತು, ನಾನು ಅರವತ್ತೇಳು ಅಂದೆ. ಬಾಯಿ ತಪ್ಪಿ ಬಂದದ್ದಲ್ಲ. ಅದರ ಮುಂದಿನ ವಾರ ಮೂರು ಗಂಟೆಗೆ ಐದು ನಿಮಿಷ ಇರುವಾಗ ಮೋಡೆಮ್ಮಿನ ವೈರು ಕಿತ್ತೆ. ಆಮೇಲಿನ ವಾರ ನೀನು ಫೋನು ಮಾಡಿದಾಗ ಮನೆಯಲ್ಲೇ ಇದ್ದೆ. ಹದಿನಾಲ್ಕು ಸಲ ಹೊಡೆದುಕೊಂಡಿತು, ಎಣಿಸಿದೆ. ಎತ್ತಲಿಲ್ಲ.

ಯಾಕೆ ಅಂತ ಕೇಳುತ್ತೀಯ. ಮಗು ನನ್ನನ್ನು ಅಮ್ಮ ಅನ್ನುತ್ತಿದೆ. ಮೊದಲು ದೊಡ್ಡಮ್ಮ ಅನ್ನಲು ಹೊರಟು ನಾಲಿಗೆ ಹೊರಳುತ್ತಿರಲಿಲ್ಲ. ದೊಡ್ಡ ಅನ್ನುವುದು ಎಲ್ಲೋ ಉದುರಿಹೋಗಿ ಅಮ್ಮ ಉಳಿಯಿತು. ನಾನು ತಿದ್ದಬೇಕಿತ್ತು. ನಾಳೆ ತಿದ್ದೋಣ, ನಾಡಿದ್ದು ತಿದ್ದೋಣ ಅಂದುಕೊಂಡೇ ದಿನ ಕಳೆದೆ.

ಮೊದಲನೇ ಶನಿವಾರ ಮಾತ್ರ, ದೇವರಾಣೆ, ಮನಸ್ಸಿಟ್ಟು ಕೂರಿಸಿದ್ದೆ. ಹೊಸ ಫ್ರಾಕು ಹಾಕಿ ಎರಡು ಜುಟ್ಟು ಕಟ್ಟಿದ್ದೆ. ಮೂರೂಕಾಲಿಗೆ ಅವಳು ತಿರುಗಿ ನನ್ನ ಮುಖ ಹಿಡಿದು, "ಅಮ್ಮಾ, ನೋಡಿಲ್ಲಿ" ಅಂದಳು. ಮಾತು ಕೇಳದಿದ್ದರೂ ಬೃಂದಾ ಅವಳ ತುಟಿ ನೋಡಿಬಿಟ್ಟಳು ಅಂತ ಹೆದರಿದೆ. ನಾಲ್ಕು ದಿನದ ಮೇಲೆ ತೆರೆಯಲಿಲ್ಲ ಅಕ್ಕ ಅಂತ ನಿನ್ನ ಕಾಗದ ಬಂತಲ್ಲ, ನಾನು ಉಸ್ಸಪ್ಪಾ ಅಂದೆ. ತಂಗಿಗೆ ಮಗಳು ಕಾಣಿಸಲಿಲ್ಲ ಅಂದದ್ದಕ್ಕೆ ಉಸ್ಸಪ್ಪ ಅಂದವಳು ನಾನು.

ಡಾಕ್ಟರು ನೀನು ಬರಬಾರದು ಅಂದಿರಲಿಲ್ಲ. "ಮಗೂನ ಬಸ್ಸಲ್ಲಿ ಓಡಾಡುಸ್ಬೇಡಿ" ಅಂದಿದ್ದರು, ಅಷ್ಟೇ. ಉಳಿದದ್ದು ನಾನೇ ಕಟ್ಟಿ ಬರೆದದ್ದು. ಮಾಯಮ್ಮ ಆವತ್ತು ಮಗಳು ಅಂದಾಗ ನಗು ತಡೆಯಲಾಗಲಿಲ್ಲ ಅಂತ ಬರೆದೆನಲ್ಲ, ನಾನು ನಕ್ಕಿರಲಿಲ್ಲ. ಅವಳಿಗೆ ಒಂದು ಲೋಟ ಮೊಸರು ಜಾಸ್ತಿ ಕೊಟ್ಟು ಕಳಿಸಿದ್ದೆ.

ನೀನು ಕಳಿಸಿದ ಹೆಸರನ್ನು ಇವತ್ತು ಮೋಡೆಮ್ಮಿಗೆ ಹಾಕಿದ್ದೇನೆ. ಅದು ಇನ್ನು ನನ್ನ ಕೈಯಲ್ಲಿಲ್ಲ. ಕರೆಂಟು ಹೋಗಿ ಬಂದರೂ ಸಿಗುತ್ತದೆ, ಪರೀಕ್ಷೆ ಮಾಡಿದೆ. ಕಾಗದ ಕೈಸೇರಿದ ಮೇಲಿನ ಶನಿವಾರ ನೋಡು. ನಾನು ಅವಳನ್ನು ಸಿಂಗರಿಸಿ ಕೂರಿಸುವುದಿಲ್ಲ. ಇದ್ದದ್ದು ಇದ್ದ ಹಾಗೆ ಕಾಣಲಿ.

ನೀನು ಏನು ಬೇಕಾದರೂ ಬರೆ. ಬರೆಯದೆ ಮಾತ್ರ ಇರಬೇಡ.

ಅಕ್ಕ


ಎನ್. ಬೇಗೂರು
13-1-2008

ಅಕ್ಕ,

ನಿನ್ನ ಕಾಗದ ಓದಿ, ಒಲೆಗೆ ಹಾಕೋಣ ಅಂತ ಎದ್ದೆ. ಹಾಕಲಿಲ್ಲ. ಕ್ಷಮಿಸಿದೆ ಅಂತ ಬರೆಯಲು ಕೈ ಏಳುತ್ತಿಲ್ಲ, ಅದನ್ನು ಈಗಲೇ ನನ್ನಿಂದ ಕೇಳಬೇಡ.

ನನಗೆ ಅವತ್ತೇ ಗೊತ್ತಾಗಿತ್ತು. ನೀನು ಕರೆಂಟ್ ಹೋಯ್ತು ಅನ್ನುವಾಗ ನಿನ್ನ ಹಿಂದೆ ಟಿವಿಯಲ್ಲಿ ಕಾರ್ಟೂನು ಓಡುತ್ತಿತ್ತು. ಅದರ ಜೊತೆಗೆ ಅಮ್ಮಾ, ಸೌಂಡ್ ಜಾಸ್ತಿ ಮಾಡು ಅಂತ ನನ್ನ ಮಗಳ ದನಿಯೂ ಕೇಳಿಸಿತು. ಬೂತಿನ ಬಾಗಿಲು ಹಾಕಿಕೊಂಡು ನಿಂತುಬಿಟ್ಟೆ. ಹೊರಗೆ ಯಾರೋ ಬಡಿದು, "ಮೇಡಂ, ಮುಗೀತೇನ್ರೀ" ಅಂದರು.

ಗೊತ್ತಿದ್ದೂ ಯಾಕೆ ಕೇಳಲಿಲ್ಲ ಅನ್ನುತ್ತೀಯಾ? ಕೇಳಿದರೆ ಜಗಳವಾಗುತ್ತದೆ, ಜಗಳವಾದರೆ ನಿನ್ನ ಮಗೂನ ನೀನೇ ಕರ್ಕೊಂಡು ಹೋಗು ಅಂದುಬಿಡುತ್ತೀಯ. ಕರೆದುಕೊಂಡು ಬಂದು ಎಲ್ಲಿಡಲಿ? ಅದೂ ನೆಪವೇ ಅನ್ನು. ದಸರಾ ಮುಗಿಸಿ ಬಸ್ಸು ಹತ್ತಿದಾಗ ನನಗೆ ಹಗುರವಾಗಿತ್ತು ಅಕ್ಕ. ಎರಡು ವರ್ಷ, ಆ ರಜೆಯಲ್ಲೂ, ಅವಳ ಉಸಿರು ಎಣಿಸುತ್ತ ಮಲಗಿದವಳು ಆ ದಿನ ಇಲ್ಲಿಗೆ ಬಂದು ಬೆಳಗಿನವರೆಗೆ ಎಚ್ಚರವಿಲ್ಲದೆ ನಿದ್ದೆ ಮಾಡಿದೆ. ಎದ್ದಾಗ ನಾಚಿಕೆಯಾಯಿತು. ಆದರೆ ನಿದ್ದೆ ಮಾಡಿದ್ದು ನಿಜ. ನೀನು ನನ್ನಿಂದ ಮಗಳನ್ನು ಕದ್ದೆ ಅನ್ನುವುದಕ್ಕೆ ಬಾಯಿ ಬರುತ್ತಿಲ್ಲವಲ್ಲ, ಅದು ಇದಕ್ಕೇ.

ನಿನ್ನೆ ಕೋಟೆಗೆ ಹೋದೆ. ಹೆಸರು ಹೊಡೆದೆ. ತೆರೆಯಿತು.

ಸದ್ದಿಲ್ಲ, ಚಿತ್ರ ಮಾತ್ರ, ಅದೂ ತಡೆದು ತಡೆದು ಬರುತ್ತದೆ. ನೀವಿಬ್ಬರೂ ಚಾಪೆ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದಿರಿ. ನೀನು ಬೇಳೆ ಪಾತ್ರೆಗೆ ಹಾಕಿದರೆ ಅವಳು ಸಿಪ್ಪೆ ಪಾತ್ರೆಗೆ ಹಾಕುತ್ತಿದ್ದಳು. ನೀನು ಬಯ್ದಿರಬೇಕು, ಅವಳು ನಕ್ಕಳು. ತೆಳ್ಳಗಾಗಿಲ್ಲ. ನನ್ನ ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದೀಯ. ಅದನ್ನು ಬರೆಯದಿದ್ದರೆ ನನ್ನದು ತಪ್ಪಾಗುತ್ತದೆ.

ಆಮೇಲೆ ನೀನು ಎದ್ದು ಒಳಗೆ ಹೋದೆ. ಮಗು ಕೈಯಲ್ಲಿದ್ದ ಕಾಳು ಹಾಗೇ ಹಿಡಿದುಕೊಂಡು ಅಡುಗೆಮನೆ ಬಾಗಿಲ ಕಡೆ ತಿರುಗಿತು. ನೀನು ಬರುವವರೆಗೂ ಆಡಲಿಲ್ಲ, ಅಲುಗಲಿಲ್ಲ. ನಾನು ಗಡಿಯಾರ ನೋಡಿದೆ, ನಾಲ್ಕು ನಿಮಿಷ. ಅಷ್ಟು ಹೊತ್ತು ನಾನು ಅವಳ ಬೆನ್ನು ನೋಡುತ್ತ ಕೂತಿದ್ದೆ.

ನಾನು ಹೋದ ಮೇಲೂ ಹೀಗೇ ಕೂತಿದ್ದಳಾ ಅಕ್ಕ? ಎರಡೇ ದಿನ ಅಂತ ನೀನು ಬರೆದಿದ್ದೆ. ಅದು ನಿಜವಾ? ಎಷ್ಟು ದಿನ ಕೂತಿದ್ದಳು, ಯಾವಾಗ ಬಿಟ್ಟಳು, ಬರೆ. ಇನ್ನು ಒಂದು ಸುಳ್ಳೂ ಬೇಡ.

ಆರ್ಡರು ಬಂದಿದೆ. 27ನೇ ತಾರೀಕು ಭಾನುವಾರ ಬರುತ್ತೇನೆ.

ಬೃಂದಾ


ಹುಣಸೂರು
17-1-2008

ಬೃಂದಾ,

ಹನ್ನೊಂದು ದಿನ.

ಆಸ್ಪತ್ರೆಯಿಂದ ಬಂದ ಬೆಳಿಗ್ಗೆಯಿಂದಲೇ ಮುಂಬಾಗಿಲ ಹೊಸ್ತಿಲ ಮೇಲೆ ಕೂರಲು ಶುರು ಮಾಡಿದಳು. ಅಳುತ್ತಿರಲಿಲ್ಲ. ಕೋಟೆ ಬಸ್ಸಿನ ಹಾರನ್ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದಳು. ಬಸ್ಸು ಹೋದ ಮೇಲೆ ಮತ್ತೆ ಕೂರುತ್ತಿದ್ದಳು. ಊಟವನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ ತಿನ್ನಿಸಿದೆ. ದೀಪಾವಳಿಯ ದಿನ ಬೀದಿ ಮಕ್ಕಳೆಲ್ಲ ಪಟಾಕಿ ಹಚ್ಚುವಾಗಲೂ ಅಲ್ಲೇ ಇದ್ದಳು. ನಿನಗೆ ತಿಳಿಸಿದ್ದರೆ ನೀನು ಕೆಲಸ ಬಿಟ್ಟು ಬಂದುಬಿಡುತ್ತಿದ್ದೆ. ತಿಳಿಸಲಿಲ್ಲ.

ನಿಮ್ಮ ಭಾವನಿಗೆ ಎಲ್ಲ ಹೇಳಿದೆ. ಎರಡು ದಿನ ಅವರೇ ಬಡಿಸಿಕೊಂಡು ಉಂಡರು. ಆಮೇಲೆ, "ಕೂಸಿನ ಬಟ್ಟೆ ಒಗೆದು ಜೋಡ್ಸು, ಅವ್ಳು ಬಂದಾಗ ಅದು ಇದು ಅಂತ ಹುಡುಕ್ತಾ ಕೂರ್ಬೇಡ" ಅಂದರು. ಒಗೆದಿದ್ದೇನೆ. ಔಷಧಿ, ಡಾಕ್ಟರ ಚೀಟಿ, ಅವಳು ಮಲಗುವಾಗ ಹಿಡಿದುಕೊಳ್ಳುವ ಟವೆಲ್ಲು, ಎಲ್ಲ ಒಂದು ಚೀಲದಲ್ಲಿದೆ. ಈಗ ದಿನಾ ನಿನ್ನ ಫೋಟೋ ತೋರಿಸಿ ಅಮ್ಮ ಅನ್ನಿಸುತ್ತಿದ್ದೇನೆ. ಅನ್ನುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ. ನೀನು ಬಂದ ಮೊದಲ ದಿನ ಅವಳು ನಿನ್ನ ಹತ್ತಿರ ಬರದಿದ್ದರೆ ಅವಳ ಮೇಲೆ ಸಿಟ್ಟಾಗಬೇಡ, ಆ ತಪ್ಪು ನನ್ನದು.

ಯಾವಾಗ ಬಿಟ್ಟಳು ಅಂತ ಕೇಳಿದ್ದೀಯ. ದೊಡ್ಡ ಅನ್ನುವುದು ನಾಲಿಗೆಯಿಂದ ಉದುರಿಹೋಯಿತು ಅಂತ ಹೋದ ಕಾಗದದಲ್ಲಿ ಬರೆದೆನಲ್ಲ, ಅದೂ ಸುಳ್ಳು ಕಣೆ. ಅವಳಿಗೆ ದೊಡ್ಡಮ್ಮ ಅನ್ನಲು ಚೆನ್ನಾಗಿ ಬರುತ್ತಿತ್ತು. ಹನ್ನೆರಡನೇ ದಿನ ಭಾನುವಾರ, ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಕೋಟೆ ಬಸ್ಸು ಹೋಯಿತು. ಅವಳು ಹೊಸ್ತಿಲ ಮೇಲೆ ನಿಂತು, ಬೀದಿ ಕಡೆ ಮುಖ ಮಾಡಿಕೊಂಡು, ಗಟ್ಟಿಯಾಗಿ ಅಮ್ಮಾ ಅಂತ ಕೂಗಿದಳು. ಅವಳು ಕೂಗಿದ್ದು ನಿನ್ನನ್ನು. ನಾನು ಒಳಗಿನಿಂದ ಓ ಅಂದೆ.

ಪ್ರಮೀಳಾ